ಪ್ರಾರ್ಥನೆಯಲ್ಲಿ ಹೇಳಿದ್ದು

ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಹಾಗೆಂದು ಮನೆಯ ಒಂದು ಕೆಲಸವೂ ನಿಂತಿರಲಿಲ್ಲ. ಗ್ಯಾಸು ಮುಗಿಯುವ ಮೊದಲೇ ಸಿಲಿಂಡರು ಬರುತ್ತಿತ್ತು, ನಲ್ಲಿ ಸೋರಿದರೆ ಮರುದಿನವೇ ವಾಷರು ಬದಲಾಗುತ್ತಿತ್ತು, ಕಿತ್ತುಹೋದ ಚಪ್ಪಲಿ ಹೊಲಿಗೆ ಹಾಕಿಸಿಕೊಂಡು ಮನೆ ಸೇರುತ್ತಿತ್ತು. ಎಲ್ಲವೂ ದೇವರ ಮೂಲಕ ನಡೆಯುತ್ತಿತ್ತು. ಭಕ್ತಿ ಉಕ್ಕಿ ಹೇಳುತ್ತಿರುವ ಮಾತಲ್ಲ ಇದು, ನಡೆಯುತ್ತಿದ್ದದ್ದೇ ಹಾಗೆ. ಸಂಜೆ ಏಳೂವರೆಗೆ ಊಟದ ಮೇಜಿನ ಆ ಬದಿ ಒಬ್ಬರು ಈ ಬದಿ ಒಬ್ಬರು ಕೂತು ಕಣ್ಣು ಮುಚ್ಚುತ್ತಿದ್ದರು. ಮೊದಲು ಹೆಂಡತಿ. "ಕರ್ತನೇ, ಸಿಲಿಂಡರ್ ಎತ್ತಿದ್ರೆ ಹಗುರ ಇದೆ, ನಿನಗೆ ಗೊತ್ತಿಲ್ಲದ್ದು ಏನಿದೆ." ಆಮೇಲೆ ಗಂಡ. "ತಂದೆಯೇ, ನಾಳೆ ಕೆಲಸ ಮುಗಿಸಿ ಬರೋವಾಗ ಬುಕ್ ಮಾಡೋಕೆ ಜ್ಞಾಪಕ ಕೊಡು." ಇಬ್ಬರೂ ಆಮೆನ್ ಎಂದು ಕಣ್ಣು ಬಿಟ್ಟರೆ ಮುಗಿಯಿತು, ಮತ್ತೆ ಮರುದಿನ ಏಳೂವರೆಯ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದೇವರಿಗೆ, ಪಾಪ, ಆ ಮನೆಯ ನಲ್ಲಿ ಬಲ್ಬುಗಳೆಲ್ಲ ಬಾಯಿಪಾಠ ಆಗಿರಬೇಕು.

ಗಂಡನಿಗೆ ಎಲ್ಲರೂ ಇಟ್ಟ ಹೆಸರು ಲಿಫ್ಟ್ ಮೇಷ್ಟ್ರು. ಲಿಫ್ಟ್ ಯಾಕೆಂದರೆ, ಇಪ್ಪತ್ತೆಂಟು ವರ್ಷದಿಂದ ಲಿಫ್ಟುಗಳ ರಿಪೇರಿಯೇ ಅವರ ಕಸುಬು. ಮೇಷ್ಟ್ರು ಯಾಕೆಂದರೆ, ಅವರ ಚರ್ಚಿನಲ್ಲಿ ಮದುವೆಯಾಗಲಿರುವ ಪ್ರತಿ ಜೋಡಿಗೂ ಮೊದಲು ಆರು ಶನಿವಾರ ಪಾಠವಾಗಬೇಕು, ಆ ಪಾಠ ಹೇಳುವವರು ಹದಿನಾರು ವರ್ಷದಿಂದ ಅವರು ಮತ್ತು ಅವರ ಹೆಂಡತಿ. ಪಾಠ ಮುಗಿಸಿದ ಚೀಟಿಗೆ ಇವರ ಸಹಿ ಬೀಳದೆ ಸಭೆಯ ಪಾದ್ರಿ ಅಯ್ಯನವರು ಮದುವೆಯ ದಿನ ಗೊತ್ತುಮಾಡುತ್ತಿರಲಿಲ್ಲ. ಹಾಗಾಗಿ ಎಂಥ ತುಂಟ ಹುಡುಗನೂ ಆರು ಶನಿವಾರ ಕೈಕಟ್ಟಿ ಕೂರುತ್ತಿದ್ದ.

ಚರ್ಚಿನ ಹಿಂದಿನ ಕೋಣೆ, ಹನ್ನೆರಡು ಮಡಚುವ ಕುರ್ಚಿ, ಒಂದು ಕರಿಹಲಗೆ. ಮೇಷ್ಟ್ರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಮನೆ ಬರೆಯುತ್ತಿದ್ದರು. ಲಿಫ್ಟಿನ ನಕ್ಷೆ ಬರೆದು ಪಳಗಿದ ಕೈ, ಗೆರೆ ಒಂದಿಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಅಡಿಪಾಯ ಯಾರು ಎಂದು ಕೇಳಿದರೆ ಎಲ್ಲರೂ ಒಕ್ಕೊರಲಿನಿಂದ ಯೇಸು ಎನ್ನುತ್ತಿದ್ದರು. ಇಟ್ಟಿಗೆಗೆ ಇಟ್ಟಿಗೆ ಅಂಟಿಸಿ ಹಿಡಿದಿಡುವುದು ಯಾವುದು ಎಂದರೆ ಮಾತ್ರ ತಬ್ಬಿಬ್ಬು. ಒಬ್ಬಳು ಪ್ರೀತಿ ಎನ್ನುವಳು, ಒಬ್ಬ ನಂಬಿಕೆ ಎನ್ನುವನು, ಹಿಂದಿನ ಸಾಲಿನ ಕಿಲಾಡಿ ಯಾವನಾದರೂ ಸಂಬಳ ಎಂದು ನಗಿಸುವನು. ಮೇಷ್ಟ್ರೂ ನಕ್ಕು, ನಾಲ್ಕನೆಯ ಶನಿವಾರಕ್ಕೆ ಉತ್ತರ ಹೇಳುತ್ತೇನೆ ಎಂದು ಕಾಯಿಸುತ್ತಿದ್ದರು. ಉತ್ತರ, ಕುಟುಂಬ ಪ್ರಾರ್ಥನೆ.

ಅದಕ್ಕೆ ಮೂರು ಕಟ್ಟಳೆ, ಅವರ ತಾಯಿಯ ಕಾಲದಿಂದ ಬಂದದ್ದು. ಒಂದು ದಿನವೂ ತಪ್ಪಬಾರದು. ಚಿಕ್ಕವರಿಂದ ಶುರುವಾಗಿ ಮನೆಯ ಯಜಮಾನನಲ್ಲಿ ಮುಗಿಯಬೇಕು, ಆಮೆನ್ ಆಗುವ ತನಕ ಯಾರೂ ಕಣ್ಣು ಬಿಡಬಾರದು, ಕೂತಲ್ಲಿಂದ ಏಳಬಾರದು. ಮೂರನೆಯದೇ ದೊಡ್ಡದು: ಒಬ್ಬರು ಪ್ರಾರ್ಥನೆಯಲ್ಲಿ ಹೇಳಿದ್ದನ್ನು ಆಮೆನ್ ಆದಮೇಲೆ ಇನ್ನೊಬ್ಬರು ಎತ್ತಬಾರದು. ಅದು ದೇವರಿಗೆ ಹೇಳಿದ್ದು, ಊಟದ ತಟ್ಟೆಗೆ ಬರುವ ಹಾಗಿಲ್ಲ.

ಇದಕ್ಕೆ ಉದಾಹರಣೆಯಾಗಿ ಮೇಷ್ಟ್ರು ಯಾವಾಗಲೂ ನೀಲಿ ಜಗ್ಗಿನ ಕಥೆ ಹೇಳುತ್ತಿದ್ದರು. ಅವರ ಒಬ್ಬಳೇ ಮಗಳು ಆರು ವರ್ಷದವಳಿದ್ದಾಗ ಅಮ್ಮನ ಮದುವೆಗೆ ಬಂದ ನೀಲಿ ಗಾಜಿನ ಜಗ್ಗು ಒಡೆದಿದ್ದಳು. ಯಾರಿಗೂ ಗೊತ್ತಿಲ್ಲ. ಸಂಜೆ ಪ್ರಾರ್ಥನೆಯಲ್ಲಿ ಅವಳ ಸರದಿ ಬಂದಾಗ ಕಣ್ಣು ಬಿಗಿಯಾಗಿ ಮುಚ್ಚಿ, "ದೇವರೇ, ನೀಲಿ ಜಗ್ಗು ಒಡೆದವಳನ್ನ ಕ್ಷಮಿಸು. ಅವಳು ಚೂರೆಲ್ಲ ಮಂಚದ ಕೆಳಗೆ ಇಟ್ಟಿದ್ದಾಳೆ. ಅವಳ ಅಮ್ಮನಿಗೆ ಕೋಪ ಬರದ ಹಾಗೆ ಮಾಡು" ಎಂದಳಂತೆ. ಅಮ್ಮ ತುಟಿ ಕಚ್ಚಿ ನಗು ತಡೆದುಕೊಂಡಳಂತೆ. ಯಾರೂ ಆ ಮಾತೆತ್ತಲಿಲ್ಲ, ಬೆಳಗಾಗುವಷ್ಟರಲ್ಲಿ ಮಂಚದ ಕೆಳಗೆ ಚೂರೂ ಇರಲಿಲ್ಲ. ಜೋಡಿಗಳು ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟ್ರ ಹೆಂಡತಿ ಪಕ್ಕದಲ್ಲಿ ಕೂತು, ಈ ಕಥೆ ನೂರು ಸಲ ಕೇಳಿದ್ದರೂ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಕಥೆ ಸುಳ್ಳಲ್ಲ. ಆ ಹುಡುಗಿ ಹಾಗೆಯೇ ಬೆಳೆದಳು. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನೆಲ್ಲ ಮೇಜಿನ ಮುಂದೆ ಕಣ್ಣು ಮುಚ್ಚಿ ಹೇಳುವುದು ಅವಳಿಗೆ ಕರಗತವಾಯಿತು. ಗಣಿತದಲ್ಲಿ ಡುಮ್ಕಿ ಹೊಡೆದದ್ದೂ ಅಲ್ಲೇ ಬಯಲಾಯಿತು, ಗೆಳತಿಯ ಗಡಿಯಾರ ಕಳೆದದ್ದೂ ಅಲ್ಲೇ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಒಂದು ಸಂಜೆ, "ಕರ್ತನೇ, ಚರ್ಚಲ್ಲಿ ಕೀಬೋರ್ಡ್ ನುಡಿಸೋರು ನನ್ನ ಮದುವೆಯಾಗ್ತೀಯಾ ಅಂತ ಕೇಳಿದ್ದಾರೆ. ಅಪ್ಪನ ಮನಸ್ಸು ಮೆತ್ತಗೆ ಮಾಡು" ಎಂದಳು. ಮೇಷ್ಟ್ರು ತಮ್ಮ ಸರದಿ ಬಂದಾಗ ಸ್ವಲ್ಪ ಹೊತ್ತು ಸತಾಯಿಸಿ, "ತಂದೆಯೇ, ಮೆತ್ತಗಾಗಿದೆ" ಎಂದರು. ಮೂವರ ಆಮೆನ್ ಅವತ್ತು ಪಕ್ಕದ ಮನೆಗೂ ಕೇಳಿಸಿರಬೇಕು.

ಆ ಜೋಡಿಯೂ ಆರು ಶನಿವಾರ ಹಿಂದಿನ ಕೋಣೆಯಲ್ಲಿ ಕೂತಿತು. ನೀಲಿ ಜಗ್ಗಿನ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅಳಿಯನೇ. ಅವರ ಚೀಟಿಗೆ ಮೇಷ್ಟ್ರು ತಮ್ಮ ಒಳ್ಳೆಯ ಪೆನ್ನಿನಲ್ಲಿ ಸಹಿ ಹಾಕಿದರು. ಮದುವೆಯಾಗಿ ಅಳಿಯನಿಗೆ ಬೇರೆ ಊರಿನ ಚರ್ಚಿನಲ್ಲಿ ಕೆಲಸ ಸಿಕ್ಕಿ, ಮಗಳು ಅವನ ಹಿಂದೆ ಹೋದಳು.

ಎರಡು ವರ್ಷದ ಮೇಲೆ ಒಂದು ಗುರುವಾರ ಅವಳು ಹೇಳದೆ ಕೇಳದೆ ಒಂದು ಚೀಲ ಹಿಡಿದು ಬಂದಳು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದಳು. ಬೆವರು ಸುರಿಯುವ ಸೆಕೆಯಲ್ಲೂ ಮಣಿಕಟ್ಟಿನ ತನಕ ತೋಳಿರುವ ಅಂಗಿ ತೊಟ್ಟಿದ್ದಳು. ಅಮ್ಮ ಆ ತೋಳನ್ನು ನೋಡಿದಳು, ನೋಡಿ ಸುಮ್ಮನಾದಳು.

ಮರುದಿನ ಶುಕ್ರವಾರ ಮೇಷ್ಟ್ರ ಕೆಲಸದಲ್ಲಿ ಒಂದು ರಾದ್ಧಾಂತ ನಡೆಯಿತು. ಹತ್ತು ಮಹಡಿಯ ಕಚೇರಿ ಕಟ್ಟಡವೊಂದರ ಲಿಫ್ಟಿನಲ್ಲಿ ಮಾಮೂಲಿ ತಪಾಸಣೆಗೆ ಹೋಗುತ್ತಿದ್ದಾಗ ಏಳನೆಯ ಮಹಡಿ ದಾಟುವಾಗ ಮೇಲಿನಿಂದ ಕರ್ ಎಂದು ಒಂದು ಸಣ್ಣ ಸದ್ದು. ಜೊತೆಗಿದ್ದವರಿಗೆ ಕೇಳಿಸಲೇ ಇಲ್ಲ. ಮೇಷ್ಟ್ರು ತಕ್ಷಣ ಲಿಫ್ಟ್ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಕೆಟ್ಟಿದೆ ಎಂಬ ಬೋರ್ಡು ನೇತುಹಾಕಿದರು. ಮ್ಯಾನೇಜರ್ ಬಂದು ಕೂಗಾಡಿದ, ದೊಡ್ಡವರೆಲ್ಲ ಮೆಟ್ಟಿಲು ಹತ್ತಬೇಕಾ ಎಂದು ಹಾರಾಡಿದ. ಮೇಷ್ಟ್ರು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಸದ್ದು ಬಂದಮೇಲೆ ನಾನು ಓಡಿಸೋದಿಲ್ಲ ಎಂದಷ್ಟೇ ಹೇಳಿ ಮೇಲಿನ ಯಂತ್ರದ ಕೋಣೆಗೆ ಹೋದರು. ಲಿಫ್ಟ್ ಎಳೆಯುವ ಉಕ್ಕಿನ ಹಗ್ಗದ ಒಂದು ಎಳೆ ಕಿತ್ತಿತ್ತು. ಸಂಜೆ ಮನೆಗೆ ಬರುವಾಗ ಅವರ ಎದೆ ಸ್ವಲ್ಪ ಉಬ್ಬಿಯೇ ಇತ್ತು.

ಅದೇ ಸಂಜೆ ಏಳೂವರೆಗೆ ಮಗಳ ಸರದಿ ಮೊದಲು ಬಂತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಆಮೇಲೆ ಹೇಳಿದಳು: "ಕರ್ತನೇ, ಆ ಮನೆಯಲ್ಲಿ ನನಗೆ ಹೆದರಿಕೆ ಆಗುತ್ತೆ. ಅವರ ಕೈ ತಡಿ. ನನ್ನನ್ನ ವಾಪಸ್ ಕಳಿಸೋರ ಮನಸ್ಸು ಮೆತ್ತಗೆ ಮಾಡು."

ಅಮ್ಮನ ಸರದಿ. ಊಟಕ್ಕಾಗಿ ಸ್ತೋತ್ರ, ಆರೋಗ್ಯಕ್ಕಾಗಿ ಸ್ತೋತ್ರ ಎಂದು ದಿನವೂ ಹೇಳುವುದನ್ನೇ ಹೇಳಿ ಮುಗಿಸಿದಳು.

ಕೊನೆಗೆ ಮೇಷ್ಟ್ರು. ಅವತ್ತು ಅವರ ಪ್ರಾರ್ಥನೆ ಎಂದಿಗಿಂತ ಉದ್ದವಾಗಿತ್ತು. ಚರ್ಚಿನ ಸೋರುವ ಚಾವಣಿಗಾಗಿ ಬೇಡಿದರು, ಮರುದಿನ ಪಾಠಕ್ಕೆ ಬರಲಿರುವ ನಾಲ್ಕು ಜೋಡಿಗಳಿಗಾಗಿ ಬೇಡಿದರು, ಲೋಕದ ಎಲ್ಲ ಸಂಸಾರಗಳಿಗಾಗಿ ಬೇಡಿದರು. ಕಟ್ಟಕಡೆಗೆ, "ನಮ್ಮ ಮಗಳಿಗೂ ತಾಳ್ಮೆ ಕೊಡು ತಂದೆಯೇ" ಎಂದರು. ಆಮೆನ್ ಎಂದರು. ಹೆಂಡತಿಯೂ ಎಂದಳು. ಮಗಳ ಆಮೆನ್ ಸ್ವಲ್ಪ ತಡವಾಗಿ ಬಂತು. ಎಲ್ಲರೂ ಕಣ್ಣು ಬಿಟ್ಟರು, ತಟ್ಟೆಗಳು ಬಂದವು, ಊಟವಾಯಿತು. ಮೂರನೆಯ ಕಟ್ಟಳೆ ಇತ್ತಲ್ಲ, ಯಾರೂ ಯಾವ ಮಾತನ್ನೂ ಎತ್ತಲಿಲ್ಲ.

ಅವರಿಗೆ ಕೇಳಿಸಿರಲಿಲ್ಲವೇ? ಏಳನೆಯ ಮಹಡಿಯಲ್ಲಿ ಹಗ್ಗದ ಎಳೆ ಕಿತ್ತದ್ದು ಕೇಳಿಸಿದ ಕಿವಿಗೆ ಎರಡು ಮೊಳ ದೂರದಲ್ಲಿದ್ದ ಮಗಳ ಮಾತು ಕೇಳಿಸದಿರುತ್ತದೆಯೇ. ಕೇಳಿಸಿತು, ಅರ್ಥವೂ ಆಯಿತು. ಆದರೆ ಅದರ ಬೆನ್ನಿಗೇ ಮರುದಿನ ನಾಲ್ಕನೆಯ ಶನಿವಾರ ಎಂಬುದು ಜ್ಞಾಪಕಕ್ಕೆ ಬಂತು. ಗಂಡನನ್ನು ಬಿಟ್ಟು ಬಂದ ಮಗಳನ್ನು ಮನೆಯಲ್ಲಿಟ್ಟುಕೊಂಡು ಹಲಗೆಯ ಮೇಲೆ ಯಾವ ಮನೆ ಬರೆಯುವುದು? ಹೇಗಿದ್ದರೂ ಅವಳು ದೇವರಿಗೆ ಹೇಳಿದ್ದಾಳೆ, ಇನ್ನು ಅವನು ನೋಡಿಕೊಳ್ಳುತ್ತಾನೆ ಎಂದುಕೊಂಡರು. ಅಷ್ಟು ಎಂದುಕೊಂಡ ಮೇಲೆ ಊಟವೂ ಸೇರಿತು. ಇದನ್ನು ಹೇಳುವಾಗ ನನಗೂ ನಾಚಿಕೆಯಾಗುತ್ತದೆ, ಆದರೆ ಸೇರಿದ್ದು ಸೇರಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಮೇಷ್ಟ್ರೇ ಅವಳ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಕರೆದೊಯ್ದರು. ಎರಡು ಕಿತ್ತಳೆ ಹಣ್ಣು ಕೊಡಿಸಿ, ಕಿಟಕಿ ಹತ್ತಿರ ಕೂತುಕೋ, ತಲೆ ತಿರುಗುವುದಿಲ್ಲ ಎಂದರು. ಅವಳು ಕಿಟಕಿಯಿಂದ ಅಪ್ಪನನ್ನು ನೋಡುತ್ತಲೇ ಇದ್ದಳು. ಬಸ್ಸು ಹೊರಟಿತು.

ಏಳು ವಾರದ ಮೇಲೆ ಅಲ್ಲಿಯ ಪಕ್ಕದ ಮನೆಯವರು ಫೋನ್ ಮಾಡಿ, ನಿಮ್ಮ ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಗಂಡ ಹೆಂಡತಿ ಓಡೋಡಿ ಹೋದರೆ ಹಾಸಿಗೆ ಖಾಲಿಯಿತ್ತು. ನರ್ಸು ಹೇಳಿದ್ದಿಷ್ಟು: ಅವಳು ಬೆಳಿಗ್ಗೆಯೇ ಬಿಡಿಸಿಕೊಂಡು ಹೋದಳು, ಯಾರು ಕೇಳಿದರೂ ಎಲ್ಲಿಗೆಂದು ಹೇಳಬೇಡಿ ಎಂದು ಬೇಡಿಕೊಂಡಿದ್ದಾಳೆ, ತಂದೆ ತಾಯಿ ಕೇಳಿದರೂ. ಅಳಿಯ ಮಾತ್ರ ಅವಳೇ ಬಿಟ್ಟು ಹೋದಳು ಎಂದು ಊರಿಗೆಲ್ಲ ಹೇಳಿಕೊಂಡು ತನ್ನ ಪಾಡಿಗೆ ಕೀಬೋರ್ಡ್ ನುಡಿಸುತ್ತಿದ್ದ.

ಆ ಖಾಲಿ ಹಾಸಿಗೆಯ ಮುಂದೆ ನಿಂತಿದ್ದ ಮೇಷ್ಟ್ರ ಹೆಂಡತಿ ಅಂದಿನಿಂದ ಗಂಡನ ಜೊತೆ ಮಾತು ನಿಲ್ಲಿಸಿದಳು. ಅವಳು ತಮ್ಮ ಊರಿನ ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಕೆಲಸಕ್ಕಿದ್ದಳು, ಹರಿದ ಹೊದಿಕೆ ಚಾದರಗಳಿಗೆ ತೇಪೆ ಹಾಕುವ ಕೆಲಸ. ಇಡೀ ದಿನ ಹೊಲಿಗೆ ಯಂತ್ರ ತುಳಿದು ಬಂದು, ಅಡುಗೆ ಮಾಡಿ, ಬಡಿಸಿ, ಬೆನ್ನು ತಿರುಗಿಸಿ ಮಲಗುತ್ತಿದ್ದಳು. ಪ್ರಾರ್ಥನೆ ಮಾತ್ರ ತಪ್ಪಿಸಲಿಲ್ಲ. ಬಾಗಿಲೆಲ್ಲ ಮುಚ್ಚಿ ಆ ಒಂದು ಕಿಂಡಿ ಯಾಕೆ ಬಿಟ್ಟಳೋ ಅವಳಿಗೇ ಗೊತ್ತು. ಶನಿವಾರದ ಪಾಠಕ್ಕೆ ಬರುವುದನ್ನು ಬಿಟ್ಟಳು. ಮೇಷ್ಟ್ರು ಅಯ್ಯನವರಿಗೆ ಹೆಂಡತಿಗೆ ಮಂಡಿ ನೋವು ಎಂದು ಹೇಳಿ ಒಬ್ಬರೇ ಹೋಗುತ್ತಿದ್ದರು. ಹಲಗೆಯ ಮೇಲೆ ಅದೇ ಮನೆ ಬರೆಯುತ್ತಿದ್ದರು. ನೀಲಿ ಜಗ್ಗಿನ ಕಥೆ ಹೇಳಲು ಒಂದೆರಡು ಸಲ ಬಾಯಿ ತೆರೆದು, ಕೆಮ್ಮು ಬಂದವರಂತೆ ನಟಿಸಿ ಬೇರೆ ಮಾತಿಗೆ ಹೊರಳಿದರು.

ಹೀಗೆ ಹನ್ನೊಂದು ತಿಂಗಳು ಕಳೆದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಮೇಷ್ಟ್ರ ತಂಗಿ ಫೋನ್ ಮಾಡಿದಳು. ಮಗಳು ಸೋದರತ್ತೆಯ ಸಂಪರ್ಕ ಮಾತ್ರ ಇಟ್ಟುಕೊಂಡಿದ್ದಳು ಎಂಬುದು ಆಗಲೇ ಮೇಷ್ಟ್ರಿಗೆ ತಿಳಿದದ್ದು. ಮಗಳು ಈಗ ಬಸ್ಸಿನಲ್ಲಿ ನಾಲ್ಕು ಗಂಟೆಯ ದೂರದಲ್ಲಿ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ. ಬರುವ ಸೋಮವಾರ ಸಮುದ್ರದಾಚೆ ಯಾವುದೋ ದೇಶಕ್ಕೆ, ರೋಗಿಗಳನ್ನು ನೋಡಿಕೊಳ್ಳುವ ಕೆಲಸದ ಮೇಲೆ ಹೋಗುತ್ತಿದ್ದಾಳೆ. ಹೋಗುವ ಮೊದಲು ಅಪ್ಪನನ್ನು ಒಂದು ಸಲ ನೋಡಬೇಕಂತೆ. ನಾಳೆ, ಬುಧವಾರ, ಹನ್ನೆರಡೂವರೆಗೆ, ಅವಳ ಊಟದ ಬಿಡುವಿನಲ್ಲಿ. ಅರ್ಧ ಗಂಟೆ. ಅಪ್ಪ ಒಬ್ಬರೇ ಬರಬೇಕು.

ಹೆಂಡತಿಗೆ ಇದು ಮೊದಲೇ ಗೊತ್ತಿತ್ತು. ಹೇಗೆಂದು ಆ ಸಂಜೆ ಪ್ರಾರ್ಥನೆಯಲ್ಲಿ ಹೊರಬಿತ್ತು.

"ಕರ್ತನೇ," ಎಂದಳು, ಎಂದಿನ ಗ್ಯಾಸು ನಲ್ಲಿಯ ದನಿಯಲ್ಲ ಅದು. "ಭಾನುವಾರ ಅವಳು ಸೋದರತ್ತೆ ಮನೆಯಿಂದ ನನಗೆ ಫೋನ್ ಮಾಡಿದ್ಳು. ಅಮ್ಮ, ಆವತ್ತು ನಾನು ಹೇಳಿದ್ದು ನಿನಗೆ ಕೇಳಿಸಿತ್ತಾ ಅಂತ ಕೇಳಿದ್ಳು. ಕೇಳಿಸಿತ್ತು ಮಗಳೇ, ಗೊತ್ತಾಗಿತ್ತು, ಬಾಯಿ ಮುಚ್ಕೊಂಡು ಕೂತೆ ಅಂದೆ. ಅವಳೂ ಅತ್ತಳು, ನಾನೂ ಅತ್ತೆ. ಅಪ್ಪನ್ನೂ ಅದನ್ನೇ ಕೇಳ್ತೀನಿ ಅಂದಿದ್ದಾಳೆ. ಕೇಳಿಸಿತ್ತು ಅಂತ ಅವರು ಬಾಯಿಬಿಟ್ಟು ಹೇಳಿದ್ರೆ ಸಾಕಂತೆ, ಸೋಮವಾರದ ಮೊದಲು ಒಂದು ಸಲ ಮನೆಗೆ ಬಂದು ಈ ಮೇಜಿನ ಮುಂದೆ ಕೂತು ಹೋಗ್ತಾಳಂತೆ. ಇಲ್ಲದಿದ್ರೆ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ ಅಂದಿದ್ದಾಳೆ. ಕರ್ತನೇ, ಅವರ ನಾಲಿಗೆ ಹೊರಳಿಸು. ನಿನಗಲ್ಲ, ಅವಳಿಗೆ ಹೇಳಲಿ."

ಮೇಷ್ಟ್ರು ತಮ್ಮ ಸರದಿಯಲ್ಲಿ, "ತಂದೆಯೇ, ಹೇಳ್ತೀನಿ" ಎಂದರು. ಆಮೆನ್ ಆಯಿತು. ಬೆಳಿಗ್ಗೆ ಹೊರಡುವಾಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಒಂದು ಊಟದ ಡಬ್ಬಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿತ್ತು. ಅದು ಮಗಳ ಶಾಲೆಯ ಕಾಲದ ಡಬ್ಬಿ, ಮುಚ್ಚಳದ ಮೇಲೆ ಮೊಳೆಯಿಂದ ಗೀರಿದ ಹೂವಿತ್ತು.

ಬಸ್ಸಿನಲ್ಲಿ ನಾಲ್ಕು ಗಂಟೆ ಕಾಲ ಮೇಷ್ಟ್ರು ಒಂದೇ ಮಾತನ್ನು ಮನಸ್ಸಿನಲ್ಲಿ ತಿರುಗಿಸಿದರು. ಕೇಳಿಸಿತ್ತು. ಇಷ್ಟೇ. ಪಕ್ಕದವನು ಏನಾದರೂ ಕೇಳಿದಿರಾ ಎಂದು ಎರಡು ಸಲ ವಿಚಾರಿಸಿದ, ತುಟಿ ಅಲ್ಲಾಡುತ್ತಿತ್ತೇನೋ.

ಕಾರ್ಖಾನೆಯ ಗೇಟಿನೊಳಗೆ ಸೈಕಲ್ ನಿಲ್ಲಿಸುವ ಜಾಗದ ಪಕ್ಕ ಒಂದು ಸಿಮೆಂಟ್ ಬೆಂಚಿತ್ತು. ಗಾಳಿಯೆಲ್ಲ ಸಕ್ಕರೆ ಬೆಣ್ಣೆಯ ಘಮ. ಗಂಟೆ ಬಾರಿಸಿದ್ದೇ ಬಿಳಿ ನಿಲುವಂಗಿಯ ಹೆಂಗಸರು ಸಾಲುಗಟ್ಟಿ ಹೊರಗೆ ಬಂದರು. ಅವರಲ್ಲಿ ಒಬ್ಬಳು ತಲೆಯ ಬಲೆಟೊಪ್ಪಿ ತೆಗೆದು ಕೈಯಲ್ಲಿ ಮುದುಡಿಕೊಂಡು ಇವರತ್ತ ಬಂದಳು. ಸೊರಗಿದ್ದಳು. ಮೇಷ್ಟ್ರು ಎದ್ದು, ಪಕ್ಕಕ್ಕೆ ಸರಿದು, ಅವಳಿಗೆ ಜಾಗ ಮಾಡಿಕೊಟ್ಟರು.

"ಈ ಕಡೆ ಬಂದು ಕೂತ್ಕೊಳ್ಳಿ ಅಪ್ಪ," ಎಂದಳು ಮಗಳು. "ಆ ಕಿವಿ ಕೇಳಿಸಲ್ಲ."

ಅವಳು ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದವಳು. ಇವತ್ತು ನೀವು ಬಂತು. ಮೇಷ್ಟ್ರಿಗೆ ಕಿವಿಯ ಮಾತು ಮೊದಲು ತಟ್ಟಿತೋ ಈ ಬಹುವಚನ ಮೊದಲು ತಟ್ಟಿತೋ ತಿಳಿಯದೆ ಆ ಕಡೆಗೆ ಹೋಗಿ ಕೂತರು. ಡಬ್ಬಿ ಕೊಟ್ಟರು. ಅವಳು ಮುಚ್ಚಳದ ಹೂವಿನ ಮೇಲೆ ಬೆರಳಾಡಿಸಿದಳು, ತೆರೆಯಲಿಲ್ಲ.

ಏನಾದರೂ ಮಾತಾಡಬೇಕಿತ್ತು. ಕಟ್ಟಡದೊಳಗೆ ಇನ್ನೂ ಯಾವುದೋ ಯಂತ್ರ ಓಡುತ್ತಿತ್ತು. ಮೇಷ್ಟ್ರು ಅತ್ತ ಕಿವಿಗೊಟ್ಟು, ಒಳಗೆ ಯಾವುದೋ ಬೇರಿಂಗ್ ಒಣಗಿದೆ, ಹೇಳಿ ಎಣ್ಣೆ ಹಾಕಿಸಬೇಕು ಎಂದರು. ಅವಳು ತಲೆಯಾಡಿಸಿದಳು. ತನಗೆ ಆ ಸದ್ದೆಲ್ಲ ಈಗ ತಿಳಿಯುವುದಿಲ್ಲ ಎಂದಳು. ದನಿಯಲ್ಲಿ ಚುಚ್ಚುಮಾತು ಇರಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು. ಹೊಸ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಿದಳು. ಎಲ್ಲಿ, ಯಾವ ಊರು ಎಂದು ಹೇಳಲಿಲ್ಲ. ಸೋದರತ್ತೆಯ ಬಾಯಿಂದ ಕೇಳಿದ್ದಳೇನೋ, ಅಮ್ಮನ ಮಂಡಿ ನೋವು ಹೇಗಿದೆ ಎಂದು ವಿಚಾರಿಸಿದಳು. ಮೇಷ್ಟ್ರು ತಾವೇ ಹುಟ್ಟಿಸಿದ ಆ ನೋವಿಗೆ ಈಗ ಪರವಾಗಿಲ್ಲ ಎಂದರು. ಹತ್ತು ನಿಮಿಷ ಹೀಗೆ ಹೋಯಿತು.

ಆಮೇಲೆ ಅವಳು ಅವರ ಕಡೆಗೆ ತಿರುಗಿ ಕೂತಳು.

"ಅಪ್ಪ, ಆವತ್ತು ಪ್ರಾರ್ಥನೆಯಲ್ಲಿ ನಾನು ಹೇಳಿದ್ದು ನಿಮಗೆ ಕೇಳಿಸಿತ್ತಾ?"

ಬಸ್ಸಿನಲ್ಲಿ ನಾಲ್ಕು ಗಂಟೆ ತಿರುಗಿಸಿದ ಮಾತು ಗಂಟಲಿನ ತನಕ ಬಂತು. ಅಲ್ಲಿ ನಿಂತಿತು. ಆ ಒಂದು ಮಾತು ಹೇಳಿದರೆ, ತಿಳಿದೂ ತಿಳಿದೂ ಎರಡು ಕಿತ್ತಳೆ ಹಣ್ಣು ಕೊಟ್ಟು ಬಸ್ಸು ಹತ್ತಿಸಿದವನು ನಾನು ಎಂದಾಗುತ್ತದೆ. ಅವಳ ಕಣ್ಣು ಅವರ ಮುಖದಿಂದ ಒಂದಿಷ್ಟೂ ಕದಲಲಿಲ್ಲ. ತೆರೆದ ಕಣ್ಣಿನ ಮುಂದೆ ಮೇಷ್ಟ್ರು ಜನ್ಮದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡವರಲ್ಲ. ಎಲ್ಲ ತಪ್ಪನ್ನೂ ಒಪ್ಪಿಕೊಂಡಿದ್ದರು, ಯಾವತ್ತೂ ಕಣ್ಣು ಮುಚ್ಚಿಯೇ.

"ಪ್ರಾರ್ಥನೆ ಮಾಡೋಣವಾ ಮಗಳೇ?" ಎಂದರು.

ಅವಳು ಬಲೆಟೊಪ್ಪಿಯನ್ನು ಬಿಡಿಸಿ ಮೊಣಕಾಲ ಮೇಲೆ ಸಪಾಟು ಮಾಡಿದಳು.

"ಬೇಡ ಅಪ್ಪ. ನನಗೆ ಹೇಳೋದಿದ್ರೆ ನನ್ನ ಮುಖ ನೋಡಿ ಹೇಳಿ. ಆವತ್ತು ನಾನು ಕಣ್ಣು ಮುಚ್ಕೊಂಡು ಹೇಳಿದ್ದು ನಿಮಗೇ. ಆ ಮೇಜಿನ ಮುಂದೆ ಬೇರೆ ಯಾರಿದ್ರು?"

ಮೇಷ್ಟ್ರು ಅವಳ ಮುಖದತ್ತ ತಿರುಗಿದರು. ಅವರಿಗೇ ತಿಳಿಯದೆ ರೆಪ್ಪೆ ಮುಚ್ಚಿಕೊಂಡವು, ಎರಡೂ ಕೈ ತಾವಾಗಿ ಕೂಡಿಕೊಂಡವು. ಒಳಗೆ ಮಾತು ಸುರಿಯುತ್ತಿತ್ತು, ಎಲ್ಲವೂ ಮೇಲಕ್ಕೆ ಹೋಗುತ್ತಿತ್ತು, ಪಕ್ಕಕ್ಕೆ ಒಂದೂ ಬರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಗಂಟೆ ಬಾರಿಸಿತು. ಕಣ್ಣು ಬಿಟ್ಟಾಗ ಅವಳು ಎದ್ದು ಟೊಪ್ಪಿಯೊಳಕ್ಕೆ ಕೂದಲು ಸೇರಿಸುತ್ತಿದ್ದಳು. ಡಬ್ಬಿ ಅವಳ ಕಂಕುಳಲ್ಲಿತ್ತು. ಅಳುತ್ತಿರಲಿಲ್ಲ.

"ಹುಷಾರಾಗಿ ಹೋಗಿ. ಕಿಟಕಿ ಹತ್ರ ಕೂತ್ಕೊಳ್ಳಿ, ತಲೆ ತಿರುಗಲ್ಲ," ಎಂದಳು. ಬಿಳಿ ನಿಲುವಂಗಿಗಳ ಸಾಲಿನೊಳಗೆ ಅವಳು ಯಾರೆಂದು ಸ್ವಲ್ಪ ಹೊತ್ತಿಗೇ ಮೇಷ್ಟ್ರಿಗೆ ಗುರುತು ಸಿಗದೆ ಹೋಯಿತು.

ಅವರು ಆರು ಗಂಟೆಗೆ ಮನೆ ಸೇರಿದರು. ಹೆಂಡತಿ ಅವತ್ತು ರಜೆ ಹಾಕಿದ್ದಳು. ಮನೆಯೆಲ್ಲ ಗುಡಿಸಿ ಒರೆಸಿ, ಮಗಳ ಕೋಣೆಯ ಹಾಸಿಗೆಗೆ ಹೊಸ ಚಾದರ ಹಾಸಿದ್ದಳು. ಊಟದ ಮೇಜಿಗೆ ಮೂರನೆಯ ಕುರ್ಚಿ ಎಳೆದು ಇಟ್ಟಿದ್ದಳು. ಏನಾಯಿತು ಎಂದು ಬಾಯಿಬಿಟ್ಟು ಕೇಳಲಿಲ್ಲ. ಗಂಡನ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದಳು. ಒಂದೂವರೆ ಗಂಟೆ ಕಾಲ ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಹೊರಗಿನ ಕೋಣೆಯಲ್ಲಿ, ಗಡಿಯಾರ ಕಾಯುತ್ತ ಕೂತರು. ಕೇಳಬೇಕಾದವಳು ಕೇಳಲಿಲ್ಲ, ಹೇಳಬೇಕಾದವರು ಹೇಳಲಿಲ್ಲ, ಏಳೂವರೆ ಆಗಬೇಕಿತ್ತಲ್ಲ.

ಏಳೂವರೆಯಾಯಿತು. ಕೂತರು. ಹೆಂಡತಿಯ ಸರದಿ ಮೊದಲು. ಅವಳು ಇವತ್ತು ಹೇಳುವುದು ಏನೂ ಇಲ್ಲ ಕರ್ತನೇ ಎಂದಷ್ಟೇ ಹೇಳಿ ಸರದಿ ಬಿಟ್ಟುಕೊಟ್ಟಳು.

ಮೇಷ್ಟ್ರು ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಮಧ್ಯಾಹ್ನ ಸಿಕ್ಕಿಕೊಂಡಿದ್ದ ಮಾತೆಲ್ಲ ಕಟ್ಟೆಯೊಡೆದು ಬಂತು. "ತಂದೆಯೇ, ಆವತ್ತು ನನಗೆ ಕೇಳಿಸಿತ್ತು. ಪ್ರತಿ ಮಾತೂ ಕೇಳಿಸಿತ್ತು, ಅರ್ಥ ಆಗಿತ್ತು. ನನ್ನ ಪಾಠ, ನನ್ನ ಮರ್ಯಾದೆ ಅಂತ ಯೋಚನೆ ಮಾಡಿದೆ. ತಾಳ್ಮೆ ಕೊಡು ಅಂತ ಬೇಡಿ ನನ್ನ ಮಗಳನ್ನ ನಾನೇ ಅವನ ಕೈಗೆ ಕೊಟ್ಟೆ. ಅವಳ ಕಿವಿ ಹೋಗಿದೆ ತಂದೆಯೇ. ಅವಳು ನನ್ನ ಮನಸ್ಸು ಮೆತ್ತಗೆ ಮಾಡು ಅಂತ ಕೇಳಿದ್ಳು, ನಾನು ಕಲ್ಲಾಗಿ ಕೂತಿದ್ದೆ." ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಇಷ್ಟು ಸತ್ಯವಾದ ಪ್ರಾರ್ಥನೆಯನ್ನು ಅವರು ಬದುಕಿನಲ್ಲಿ ಮಾಡಿರಲಿಲ್ಲ. ಒಳಗೆಲ್ಲೋ ಹಗುರವಾಗತೊಡಗಿತ್ತು ಕೂಡ.

"ಅವಳಿಗೆ ಹೇಳಿದ್ರಾ?"

ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರ ಪ್ರಾರ್ಥನೆಯ ಮಧ್ಯೆ ಇನ್ನೊಬ್ಬರು ಬಾಯಿ ಹಾಕಿದ್ದಿಲ್ಲ. ಹನ್ನೊಂದು ತಿಂಗಳಲ್ಲಿ ಹೆಂಡತಿ ಅವರೊಂದಿಗೆ ನೇರವಾಗಿ ಆಡಿದ ಮೊದಲ ಮಾತೂ ಅದೇ.

"ಇಲ್ಲ," ಎಂದರು, ಕಣ್ಣು ಮುಚ್ಚಿಕೊಂಡೇ.

"ಕಣ್ಣು ಬಿಡಿ."

ಬಿಟ್ಟರು. ಅವಳು ಕೈ ಜೋಡಿಸಿರಲೇ ಇಲ್ಲ. ಎರಡೂ ಅಂಗೈ ಮೇಜಿನ ಮೇಲೆ ಊರಿಕೊಂಡು, ಅವರನ್ನೇ ನೋಡುತ್ತ ಕೂತಿದ್ದಳು. ಮೊದಲಿನಿಂದಲೂ ಹಾಗೆಯೇ ನೋಡುತ್ತಿದ್ದಳೋ ಏನೋ.

"ದೇವರಿಗೆ ಇದೆಲ್ಲ ಮೊದಲೇ ಗೊತ್ತು ರೀ. ಅವನಿಗೆ ಹೇಳಿ ಏನು ಬಂತು? ಅವಳು ಕೇಳಿದಾಗ ಹೇಳಲಿಲ್ಲ. ಹೋಗಲಿ, ನಾನೂ ತಪ್ಪು ಮಾಡಿದವಳೇ. ಈಗ ನನಗೆ ಹೇಳಿ. ನನ್ನ ನೋಡಿ ಒಂದು ಸಲ ಹೇಳಿ. ಬೆಳಿಗ್ಗೆ ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೀನಿ, ಅವಳ ಕಾಲು ಹಿಡಿದಾದ್ರೂ ನಿಮ್ಮ ಮುಂದೆ ನಿಲ್ಲಿಸ್ತೀನಿ. ಅಲ್ಲಿ ಹೇಳೋಕೆ ಆಗುತ್ತೆ ಅಂತ ನನಗೆ ಗೊತ್ತಾಗಬೇಕು."

ಮೇಷ್ಟ್ರು ಅವಳನ್ನು ನೋಡಿದರು. ಹೇಳಬೇಕು ಎಂದೇ ನೋಡಿದರು, ಅದರಲ್ಲಿ ಸುಳ್ಳಿಲ್ಲ. ಅವಳ ಕಣ್ಣಿನ ಸುತ್ತ ಕಪ್ಪು ಇಳಿದಿತ್ತು. ಮೂರನೆಯ ಕುರ್ಚಿಯ ಮುಂದೆ ತಟ್ಟೆ ಬೋರಲು ಹಾಕಿತ್ತು. ಅವರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಉಸಿರೆಳೆದುಕೊಂಡು ಬಾಯಿ ತೆರೆದರು.

"ಕರ್ತನೇ," ಎಂದರು.

ಹೇಳಿದ ಮೇಲೆಯೇ ಅವರಿಗೆ ಅದು ಕೇಳಿಸಿದ್ದು.

ಹೆಂಡತಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಬೋರಲಾಗಿದ್ದ ತಟ್ಟೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಇಟ್ಟಳು. ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೆನ್ ಆಗಿರಲಿಲ್ಲ. ಆಮೆನ್ ಆಗದೆ ಆ ಮನೆಯಲ್ಲಿ ಯಾರೂ ಎದ್ದದ್ದಿಲ್ಲ. ಮೇಷ್ಟ್ರು ಕೂತೇ ಇದ್ದರು.